ಶಿವಪ್ರಕಾಶನ ಬಿಸಿಲ ಡಿಶ್

ಕೊಡಗಿನ ಸಿದ್ದಾಪುರದಲ್ಲಿ ಡಿಶ್ ಶಿವಪ್ರಕಾಶನನ್ನು ಅರಿಯದವರಿಲ್ಲ. ತೋಟದ ಕೂಲಿಗಳ ಲೈನ್ ಮನೆಗಳಿಂದ ಹಿಡಿದು ಎಸ್ಟೇಟ್ ಬಂಗಲೆಗಳವರೆಗೆ ಟಿ.ವಿ. ಡಿಶ್ ಕೂರಿಸುವುದು ಅವನ ಕಸುಬು. ಹೈಸ್ಕೂಲಿನಲ್ಲಿ ನನ್ನ ಶಿಷ್ಯನಾಗಿದ್ದಾಗ ಅವನಿಗೆ ಪಾಠಕ್ಕಿಂತ ಕಿಟಕಿಯ ಕೀಲು, ಬೆಂಚಿನ ಮೊಳೆಗಳ ಮೇಲೆಯೇ ಹೆಚ್ಚು ಪ್ರೀತಿ. ಏನಾದರೂ ಅಲುಗಾಡುವುದನ್ನು ಕಂಡರೆ ಅದನ್ನು ಬಿಗಿಮಾಡುವವರೆಗೂ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಜುಲೈ ಗಾಳಿಗೆ ಮನೆಯ ಹೆಂಚು ಹಾರಿದರೂ ಶಿವಪ್ರಕಾಶ ಬಿಗಿದ ಡಿಶ್ ಕದಲದು ಎಂದು ಊರಿನವರು ಇಂದಿಗೂ ಹೇಳುತ್ತಾರೆ.

ಅವನ ಮಗಳು ಪವಿತ್ರಾ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಕಳೆದ ಡಿಸೆಂಬರಿನಲ್ಲಿ ವಿಜ್ಞಾನ ಪ್ರದರ್ಶನಕ್ಕಾಗಿ, ಬಿಸಿಲನ್ನು ಒಂದೆಡೆ ಕೂಡಿಸಿ ನೀರು ಕುದಿಸುವ ಸಾಧನವನ್ನು ಮಾಡಬೇಕೆಂದು ಅವಳು ಹೊರಟಳು. ಅಪ್ಪನ ಅಂಗಡಿಯ ಮೂಲೆಯಲ್ಲಿ ತುಕ್ಕು ಹಿಡಿದ ಡಿಶ್‌ಗಳಿಗೇನೂ ಬರವಿರಲಿಲ್ಲ. ಹೋಟೆಲಿನವರು ಪಾರ್ಸೆಲ್ ಕಟ್ಟುವ ಬೆಳ್ಳಿ ಹಾಳೆಯನ್ನು ಮೈದಾ ಗಂಜಿಯಿಂದ ಅಂಟಿಸಿ, ಚಮಚದ ಬೆನ್ನಿನಿಂದ ಸುಕ್ಕು ತೀಡಿದಳು. ಡಿಶ್‌ನ ಮುಂದೆ ಚಾಚಿಕೊಂಡ ಕಬ್ಬಿಣದ ತೋಳನ್ನು ಅಪ್ಪ ತೋರಿಸಿಕೊಟ್ಟ.

“ಸಿಗ್ನಲ್ ಬಂದು ಸೇರೋದು ಈ ತುದಿಗೆ ಮಗಾ. ಬಿಸಿಲೂ ಇಲ್ಲಿಗೇ ಬರ್ಬೇಕು. ಡಬ್ಬಿ ಇಲ್ಲೇ ಕಟ್ಟು.”

ಅಲ್ಲಿಗೆ ಮಸಿ ಬಳಿದ ಪುಟ್ಟ ಡಬ್ಬಿಯೊಂದು ಏರಿತು. ತನ್ನ ಕೆಲಸವು ಮಗಳ ಓದಿಗೆ ಒದಗಿದ್ದು ಅದೇ ಮೊದಲಾದ್ದರಿಂದ ಶಿವಪ್ರಕಾಶನ ಉತ್ಸಾಹಕ್ಕೆ ಮೇರೆಯಿರಲಿಲ್ಲ. ಅವನು ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಪವಿತ್ರಾ ಅಂಗಳದಲ್ಲಿ ನೀರು ಕುದಿಸಿಯೂ ನೋಡಿದಳು. ಸಂಜೆ ಮನೆಗೆ ಬಂದವನು ಅವಳು ಹೇಗೆ ಕುದಿಸಿದಳೆಂದು ಕೇಳಲಿಲ್ಲ. ಡಿಶ್‌ನ ಸ್ಟ್ಯಾಂಡು ಅಲುಗಾಡುತ್ತಿರುವುದಷ್ಟೇ ಅವನ ಕಣ್ಣಿಗೆ ಬಿತ್ತು.

ತಾಲ್ಲೂಕು ಮಟ್ಟದ ಪ್ರದರ್ಶನವು ವಿರಾಜಪೇಟೆಯ ಶಾಲೆಯೊಂದರಲ್ಲಿತ್ತು. ಅಲ್ಲಿ ಆಯ್ಕೆಯಾದವರು ಜಿಲ್ಲಾ ಪ್ರದರ್ಶನಕ್ಕೆ ಮಡಿಕೇರಿಗೆ ಹೋಗಬೇಕು. ಆದರೆ ತೀರ್ಪುಗಾರರ ಕಣ್ಣೆದುರಿಗೇ ಸಾಧನವು ಕೆಲಸ ಮಾಡಬೇಕೆಂಬ ನಿಯಮವಿತ್ತು. ನಾನೂ ಅವರೊಡನೆ ಬಸ್ಸು ಹತ್ತಿದೆ. ಬಟ್ಟೆ ಸುತ್ತಿದ ಡಿಶ್ ನೋಡಿ ಕಂಡಕ್ಟರ್ ಕೇಳಿದ:

“ಇದ್ರಲ್ಲಿ ಎಷ್ಟು ಚಾನೆಲ್ ಬರ್ತದೆ ಪ್ರಕಾಶಣ್ಣ?”

“ಒಂದೇ ಚಾನೆಲ್ ಮಾರಾಯ. ಅದೂ ಹಗಲು ಮಾತ್ರ.”

“ರೀಚಾರ್ಜ್?”

“ಮೋಡ ಬಂದ್ರೆ ಕಟ್. ರೀಚಾರ್ಜ್ ಮಾಡ್ಸಿದ್ರೂ ಬರೂದಿಲ್ಲ.”

ಶಾಲೆಯ ಮೈದಾನದಲ್ಲಿ ಮಂಜು ಕರಗಿ ಬಿಸಿಲು ಬೀಳುವಾಗ ಹೊತ್ತಾಗಿತ್ತು. ಪವಿತ್ರಾ ಹೆಸರು ಬರೆಸಲು ಹೋಗಿದ್ದಳು. ಅಷ್ಟರಲ್ಲಿ ಶಿವಪ್ರಕಾಶ ಡಿಶ್ ಅನ್ನು ಸೂರ್ಯನೆಡೆಗೆ ತಿರುಗಿಸಿ, ಬೆಳಕಿನ ಬೊಟ್ಟನ್ನು ಡಬ್ಬಿಯ ಮೇಲೆ ಕೂರಿಸಿ, ಸ್ಪ್ಯಾನರ್ ತೆಗೆದು ನಟ್ಟುಗಳನ್ನೆಲ್ಲ ಮೈಯ ಬಲವನ್ನೆಲ್ಲ ಹಾಕಿ ಬಿಗಿದ. ಸ್ವಲ್ಪ ಹೊತ್ತಿನಲ್ಲೇ ಪೋಷಕರನ್ನೆಲ್ಲ ಹಗ್ಗದಾಚೆ ಕಳುಹಿಸಿದರು.

ಮೊದಮೊದಲು ಡಬ್ಬಿಯ ನೀರಿನಲ್ಲಿ ಸಣ್ಣ ಗುಳ್ಳೆಗಳೆದ್ದವು, ಆಮೇಲೆ ನಿಂತುಹೋದವು. ಬೆಳಕಿನ ಬೊಟ್ಟು ಡಬ್ಬಿಯಿಂದ ಜಾರಿ ಪಕ್ಕಕ್ಕೆ ಹೋಗಿತ್ತು. ತೀರ್ಪುಗಾರರು ಆಗಲೇ ಎರಡು ಮೇಜುಗಳಷ್ಟು ಹತ್ತಿರ ಬಂದಿದ್ದರು. ಪವಿತ್ರಾ ಡಿಶ್ ಹಿಡಿದು ತಿರುಗಿಸಲು ಹೋದಳು. ಅದು ಜಗ್ಗಲಿಲ್ಲ.

“ಅಪ್ಪಾ, ಇದು ಅಲ್ಲಾಡ್ತಾ ಇಲ್ಲ!”

“ಅಲ್ಲಾಡೂದಿಲ್ಲ ಮಗಾ!” ಶಿವಪ್ರಕಾಶ ಹೆಮ್ಮೆಯಿಂದ ಕೂಗಿ ಹೇಳಿದ. “ಆನೆ ಬಂದು ದೂಡಿದ್ರೂ ಅಲ್ಲಾಡೂದಿಲ್ಲ!”

“ಅಯ್ಯೋ, ಅಲ್ಲಾಡ್ಬೇಕಪ್ಪಾ! ಸೂರ್ಯ ಹೋಗ್ತಾ ಇದ್ದಾನೆ, ನಾನು ಜೊತೆಗೇ ತಿರುಗಿಸ್ತಾ ಇರ್ಬೇಕು!”

ಅವನ ಮುಖ ಬಿಳುಪೇರಿತು. ಟಿ.ವಿ.ಯ ಉಪಗ್ರಹವು ನಮ್ಮ ಪಾಲಿಗೆ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ. ಜೀವಮಾನವೆಲ್ಲ ಅದರೆಡೆಗೇ ಡಿಶ್ ಕೂರಿಸಿದವನಿಗೆ ಸೂರ್ಯನ ನಡೆ ಹೊಳೆದಿರಲಿಲ್ಲ. ಹಗ್ಗ ದಾಟಲು ಕಾಲೆತ್ತಿದ. ಅಲ್ಲಿದ್ದ ಟೀಚರೊಬ್ಬರು ತಡೆದರು. ಅವನು ಸ್ಪ್ಯಾನರನ್ನು ಹಗ್ಗದ ಬಳಿಗೆ ಓಡಿಬಂದ ಮಗಳ ಕೈಗೆ ಕೊಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ನಟ್ಟು ಎಡಕ್ಕೆ ತಿರುಗ್ಸು. ಕೈಯಲ್ಲಿ ಆಗೂದಿಲ್ಲ, ಮೈಭಾರ ಬಿಡು.”

ಪವಿತ್ರಾ ಮತ್ತು ಅವಳ ಗೆಳತಿ ಸುಮಿತಾ ಇಬ್ಬರೂ ಸ್ಪ್ಯಾನರಿಗೆ ಜೋತುಬಿದ್ದರು. ಕಿರ್ರೆಂದು ನಟ್ಟು ಸಡಿಲಿತು. ತೀರ್ಪುಗಾರರು ಬಂದಾಗ ಡಿಶ್‌ನ ಅಂಚನ್ನು ಹಿಡಿದು ನಿಂತಿದ್ದ ಪವಿತ್ರಾಳನ್ನು ಒಬ್ಬರು ಕೇಳಿದರು:

“ಯಾಕಮ್ಮ ಹಿಡ್ಕೊಂಡಿದ್ದೀಯ? ನಟ್ಟು ಬಿಗಿ ಮಾಡಬಾರದಾ?”

ಹಗ್ಗದಾಚೆ ಶಿವಪ್ರಕಾಶ ತಲೆ ತಗ್ಗಿಸಿದ.

“ಬಿಗಿ ಮಾಡಿ ನೋಡಿದ್ವಿ ಸಾರ್, ನೀರು ತಣ್ಣಗಾಯ್ತು,” ಎಂದಳು ಪವಿತ್ರಾ. “ಟಿ.ವಿ.ಗೆ ಬಿಗಿ ಮಾಡ್ಬೇಕು, ಬಿಸಿಲಿಗೆ ಸಡಿಲ ಬಿಡ್ಬೇಕು. ಇನ್ನು ಸ್ವಲ್ಪ ಹೊತ್ತು ಇದ್ರೆ ಕುದೀತದೆ.”

ಅವರು ನಕ್ಕು, ಉಳಿದ ಮೇಜುಗಳನ್ನು ಮುಗಿಸಿ ಮತ್ತೆ ಬರುವುದಾಗಿ ಹೇಳಿದರು. ಮತ್ತೆ ಬಂದಾಗ ಡಬ್ಬಿಯ ಮುಚ್ಚಳ ಕುಣಿಯುತ್ತಿತ್ತು. ಪವಿತ್ರಾ ಎರಡನೆಯ ಸ್ಥಾನ ಪಡೆದು ಮಡಿಕೇರಿಗೆ ಆಯ್ಕೆಯಾದಳು.

ಮರುದಿನ ಅವರ ಮನೆಯ ಮುಂದೆ ಹಾದು ಹೋಗುವಾಗ ನೋಡಿದೆ. ಪವಿತ್ರಾ ಮೆಟ್ಟಿಲ ಮೇಲೆ ಕುಳಿತು ಕಿತ್ತಳೆ ಸುಲಿಯುತ್ತಿದ್ದಳು. ಶಿವಪ್ರಕಾಶ ಡಿಶ್‌ಗೆ ಮರದ ಹಿಡಿಯೊಂದನ್ನು ಜೋಡಿಸಿ, ನಟ್ಟನ್ನು ಒಂದಿಷ್ಟು ತಿರುಗಿಸುವುದು, ಮಗಳ ಮುಖ ನೋಡುವುದು, ಹೀಗೆ ಮಾಡುತ್ತಿದ್ದ.

“ಇಷ್ಟು ಸಡಿಲ ಸಾಕಾ ಮಗಾ?”

“ಇನ್ನೂ ಸ್ವಲ್ಪ ಬಿಡಪ್ಪ.”

ಅವನು ಮನಸ್ಸಿಲ್ಲದ ಮನಸ್ಸಿನಿಂದ ಇನ್ನೂ ಸ್ವಲ್ಪ ಬಿಟ್ಟ.