ಹತ್ತಿಯ ಉಡದಾರ

ನಮ್ಮತ್ತೆ ಅನ್ನದಾನಮ್ಮನ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಕೊಟ್ಟೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ದೀಪದ ಬತ್ತಿ ಹೊಸೆದು ಅಂಗಡಿಗಳಿಗೆ ಕೊಡುವುದು ಅವರ ಕೆಲಸ. ಮಾವ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕಿದ್ದು ಅದೇ ಬತ್ತಿ. ಬಾಯಿಯೂ ಸುಮ್ಮನಿರುವುದಿಲ್ಲ ಬಿಡಿ. ನನಗೇನು ಬಾಯಿ ಕಮ್ಮಿಯೇ? ಅದಕ್ಕೇ ಸರಿಹೋಗಿದೆ.

2008ರಲ್ಲಿ ನನ್ನ ಮಗ ಗವಿಸಿದ್ದೇಶನಿಗೆ ಆರು ವರ್ಷ. ಉರಿಮೂತ್ರ, ಬೆನ್ನುನೋವು, ಬಿಡದ ಜ್ವರ. ಸೋಂಕು ಕಿಡ್ನಿಗೆ ಏರಿದೆ ಎಂದರು ದಾವಣಗೆರೆಯ ಡಾಕ್ಟರು. ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಒಳಗೆ ಕೀವು ಕಟ್ಟಿದ್ದರೆ ಸೂಜಿ ಚುಚ್ಚಿ ತೆಗೆಯಬೇಕು, ಇಲ್ಲದಿದ್ದರೆ ಔಷಧಿಯೇ ಸಾಕು, ಎಂಆರ್‌ಐ ಮಾಡಿದರೆ ಗೊತ್ತಾಗುತ್ತದೆ ಎಂದರು.

ಸ್ಕ್ಯಾನಿಂಗ್ ಕೋಣೆಯ ಮುಂದೆ ನರ್ಸ್ ಮುಬಶ್ಶಿರ, "ಒಳಗಿರೋದು ದೊಡ್ಡ ಅಯಸ್ಕಾಂತ ಕಣ್ರೀ. ಕಬ್ಬಿಣ, ಬೆಳ್ಳಿ, ಏನಿದ್ರೂ ತೆಗೀರಿ" ಎಂದಳು. ಮಗನ ಬೆಳ್ಳಿ ಕಡಗ ಬಿಚ್ಚಿದೆ. ಸೊಂಟದಲ್ಲಿ ಕರೀ ಉಡದಾರ ಉಳಿಯಿತು. "ಅದು ಬರೀ ನೂಲು" ಎಂದು ಕೈಹಿಡಿದು ಹೊರಟೆ.

"ನಿಲ್ರಿ!" ನಮ್ಮ ಜೊತೆ ಬಂದಿದ್ದ ಅತ್ತೆ ಕೂಗಿದರು. "ಅದರಾಗ ಕಬ್ಬಿಣ ಐತಿ."

ಕೂಸಿಗೆ ಯಾರ ಕಣ್ಣೂ ತಾಗದಿರಲೆಂದು ಕುದುರೆ ಲಾಳದ ಚೂರೊಂದನ್ನು ಗಂಟಿನೊಳಗೆ ಸುತ್ತಿಟ್ಟಿದ್ದರಂತೆ, ನನಗೂ ಹೇಳದೆ! ಸಿಟ್ಟು ನೆತ್ತಿಗೇರಿತು.

"ಏನ್ರಿ ಅತ್ತಿ, ಹುಡುಗನ ಮೈಮ್ಯಾಲೆ ಏನೇನ್ ಕಟ್ಟೀರಿ?"

ಮುಬಶ್ಶಿರ ಕತ್ತರಿ ತಂದಳು. ಅತ್ತೆ ಅಡ್ಡ ನಿಂತರು. ನಮ್ಮಲ್ಲಿ ಹೊಸ ಉಡದಾರ ಕಟ್ಟಿದ ಮೇಲೆಯೇ ಹಳೆಯದನ್ನು ಕತ್ತರಿಸುವುದು. ಗಂಡುಹುಡುಗನ ಸೊಂಟ ಒಂದು ಗಳಿಗೆಯೂ ಬರಿದಾಗಬಾರದು.

"ಜ್ವರದಾಗ ನಡ ಬರಿದು ಮಾಡಬ್ಯಾಡವ್ವಾ. ಮೊದಲ ಹೊಸಾದು ಕಟ್ತೀನಿ."

"ಇಲ್ಲಿ ದಾರ ಎಲ್ಲಿಂದ ತರ್ತೀರಿ?" ಎಂದೆ. ತಡವಾದರೆ ಬೇರೆಯವರನ್ನು ಕರೆಯುತ್ತೇವೆ ಎಂದು ಸ್ಕ್ಯಾನಿಂಗ್ ಕೋಣೆಯೊಳಗಿನಿಂದ ಕೂಗು ಬಂತು.

ಅತ್ತೆಯ ಕಣ್ಣು ನರ್ಸಿನ ಟ್ರೇ ಮೇಲೆ ಬಿತ್ತು. ಅಲ್ಲಿ ಹತ್ತಿಯ ಸುರುಳಿಯಿತ್ತು. "ಅದನ್ನ ಇಷ್ಟು ಕೊಡು ನಮ್ಮವ್ವಾ" ಎಂದು ಇಸಕೊಂಡು ಬೆಂಚಿನ ಮೇಲೆ ಕೂತರು. ಹಣೆಯ ವಿಭೂತಿಗೆ ಬೆರಳು ತಿಕ್ಕಿ, ಎಳೆ ಎಳೆದು ಹೊಸೆಯತೊಡಗಿದರು. ನಾನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಎರಡೆಳೆ ಕೂಡಿ ಗಟ್ಟಿ ದಾರವಾಗಿತ್ತು. ಮೊಮ್ಮಗನ ಸೊಂಟಕ್ಕೆ ಕಟ್ಟಿ, "ಈಗ ಕತ್ತರಸವ್ವಾ" ಎಂದರು. ಮುಬಶ್ಶಿರ ಹಳೆಯದನ್ನು ಕತ್ತರಿಸಿ ತೆಗೆದಳು.

ಒಳಗೆ ಗವಿ ಬೊಂಬೆಯಂತೆ ಅಲುಗದೆ ಮಲಗಿದ. ಸ್ಕ್ಯಾನ್ ಮುಗಿಸಿ ಹೊರಗೆ ಬಂದರೆ ಅತ್ತೆ ಉಳಿದ ಹತ್ತಿಯನ್ನೆಲ್ಲ ಬತ್ತಿ ಹೊಸೆಯುತ್ತಾ ಅಳುತ್ತಿದ್ದರು.

"ಕಾಯಲಿ ಅಂತ ಕಟ್ಟಿದ್ದೆ ಸುಕನ್ಯಾ. ನಾ ಬಾಯಿ ಮುಚಗೊಂಡಿದ್ರ ಏನಾಗ್ತಿತ್ತು!"

ನನಗೂ ಅಳು ಬಂತು. ಪಕ್ಕದಲ್ಲಿ ಕೂತೆ.

ಸಂಜೆ ಡಾಕ್ಟರು ಚಿತ್ರ ನೋಡಿ, ಎಡ ಕಿಡ್ನಿಯ ಒಂದು ಕಡೆ ಬಾವು ಇದೆ, ಕೀವಿಲ್ಲ, ಚುಚ್ಚುವುದು ಬೇಡ ಎಂದರು. ಅಬ್ಬಾ, ಹೋದ ಜೀವ ಬಂದಂತಾಯಿತು! ಅತ್ತೆ ಬತ್ತಿಗಳನ್ನು ಮುಬಶ್ಶಿರಳ ಕೈಗಿಟ್ಟರು.

"ನಮ್ಮನೇಲಿ ದೀಪ ಹಚ್ಚಲ್ಲ ಅಜ್ಜಿ" ಎಂದು ನಕ್ಕಳು.

"ಕರೆಂಟ್ ಹೋಗಾಂಗಿಲ್ಲೇನು? ಇಟಗಾ."

ಔಷಧಿ ಬದಲಿಸಿದ ಮೇಲೆ ಜ್ವರ ಬಿಟ್ಟಿತು. ಊರಿಗೆ ಬಂದು ಕೆಲವು ದಿನಗಳಾದ ಮೇಲೆ ಹತ್ತಿಯ ಉಡದಾರ ಸವೆದಿತ್ತು. ಅತ್ತೆ ಕರೀ ನೂಲಿನದೊಂದು ಹೊಸೆದರು. ಕಟ್ಟುವ ಮೊದಲು ನನ್ನ ಮುಂದೆ ಹಿಡಿದರು.

"ಮುಟ್ಟಿ ನೋಡವ್ವಾ. ಒಳಗ ಏನೂ ಇಲ್ಲ."

ನಾನು ಮುಟ್ಟಿ ನೋಡಲಿಲ್ಲ. ಗವಿಯ ಅಂಗಿ ಎತ್ತಿ ಹಿಡಿದು, "ಕಟ್ರಿ ಅತ್ತಿ" ಎಂದೆ.