ರೈಲಿಲ್ಲದ ಊರಿಗೆ ರೈಲು ಪಾಸು

ನಾನು ಚಿಕ್ಕವನಿದ್ದಾಗ ನಮ್ಮ ಮನೆ ರಾಯಚೂರು ಸ್ಟೇಷನ್ನಿಗೆ ಎಷ್ಟು ಹತ್ತಿರವಿತ್ತೆಂದರೆ, ಮದ್ರಾಸ್ ಮೇಲ್ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ತಾವಾಗಿಯೇ ಕಿಣಿಕಿಣಿ ಅನ್ನುತ್ತಿದ್ದವು. ಅಪ್ಪ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಸಂಜೆ ಮನೆಗೆ ಬಂದರೆ ಅವನ ಅಂಗಿಯಿಂದ ಗೋಣಿಚೀಲ, ಕಲ್ಲಿದ್ದಲ ಹೊಗೆ, ಮಾವಿನಹಣ್ಣು ಮೂರರ ವಾಸನೆಯೂ ಒಟ್ಟಿಗೆ ಬರುತ್ತಿತ್ತು. ನನಗೆ ಇಂದಿಗೂ ಅಪ್ಪನೆಂದರೆ ಆ ವಾಸನೆ.

ರೈಲ್ವೆಯವರಿಗೆ ಆಗ ಪಾಸು ಸಿಗುತ್ತಿತ್ತು. ಊರಿನ ಹೆಸರು ಬರೆದುಕೊಟ್ಟರೆ ಸಾಕು, ಮನೆಮಂದಿಯೆಲ್ಲ ದುಡ್ಡು ಕೊಡದೆ ದೇಶದ ಯಾವ ಸ್ಟೇಷನ್ನಿಗಾದರೂ ಹೋಗಿಬರಬಹುದು. ಅಪ್ಪ ಮಾತ್ರ ಒಂದು ವರ್ಷವೂ ಹೆಸರು ಬರೆದುಕೊಟ್ಟವನಲ್ಲ. ವರ್ಷ ಮುಗಿಯುತ್ತಿತ್ತು, ಅದರ ಜೊತೆ ಪಾಸೂ ಮುಗಿಯುತ್ತಿತ್ತು. ಅವ್ವ ಪ್ರತಿ ವರ್ಷ ಇದೇ ಮಾತು ತೆಗೆಯುತ್ತಿದ್ದಳು: “ಊರಮಂದಿ ಬುಟ್ಟಿ, ಗಂಟು ಎಲ್ಲಾ ಕಾಶಿ ರಾಮೇಶ್ವರ ಅಂತ ಕಳಿಸ್ತೀರಿ. ನಮ್ಮನ್ನೂ ಒಂದು ಬುಟ್ಯಾಗ ಕುಂದ್ರಿಸಿ ಮ್ಯಾಲೆ ಚೀಟಿ ಹಚ್ರಿ. ನಾವೂ ಎಲ್ಲ್ಯಾರ ಹೋಗಿ ಮುಟ್ಟತೀವಿ.”

ಆ ವರ್ಷ ಮಾತ್ರ ಅಪ್ಪ ತಪ್ಪಿಸಿಕೊಳ್ಳುವಂತಿರಲಿಲ್ಲ. ಅಕ್ಕನ ಲಗ್ನ ದೇವದುರ್ಗದಲ್ಲಿ ಗೊತ್ತಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಅವಳು ಆ ಮನೆಯವಳಾಗುವವಳಿದ್ದಳು. ಅದು ಮೂವತ್ತು ಜನರ ಮನೆ, ಒಲೆ ಆರುವುದೇ ಇಲ್ಲ. ಸೊಸೆಯರು ತವರಿಗೆ ಹೋಗಿ ಬಂದರೆ ಅದೇ ಅವರ ದೇಶಸಂಚಾರ. “ಈ ದಸರಾ ಸೂಟಿಗೆ ಎಲ್ಲಾರೂ ಕೂಡಿ ಒಂದೂರು ನೋಡಿ ಬರೂಣು” ಎಂದು ಅಜ್ಜಿ ಪಟ್ಟುಹಿಡಿದಳು. ಅಪ್ಪ ಒಪ್ಪಿದ. ಯಾವ ಊರು ಎಂದು ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ.

ಅಕ್ಕನಿಗೆ ಯಾವ ಊರು ಬೇಕೆಂದು ನನಗೊಬ್ಬನಿಗೆ ಗೊತ್ತಿತ್ತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ ಒಂದು ದಿನ ಅವಳು ಕೇಳಿದಳು, “ಮದ್ರಾಸ್ ಮೇಲ್ ಎಲ್ಲಿತನಾ ಹೋಗ್ತದ ಹೇಳಲೇ?”

“ಮದ್ರಾಸಿನತನಾ.”

“ಆಮ್ಯಾಲೆ?”

“ಆಮ್ಯಾಲೆ ಏನಿಲ್ಲ.”

“ಏನಿಲ್ಲ ಅಲ್ಲಲೇ ಹುಚ್ಚಾ. ಅಲ್ಲಿ ಸಮುದ್ರ ಅದ. ಅದಕ್ಕ ರೈಲು ನಿಂದರ್ತದ, ಇಲ್ಲಂದ್ರ ಹಂಗೇ ಹೋಗ್ತಿತ್ತು.”

ಹೇಳುವಾಗ ಅವಳ ಕೈ ಮೆಣಸಿನಕಾಯಿಯ ಮೇಲೆ ನಿಂತುಬಿಟ್ಟಿತ್ತು. ಅದೇ ಕೈಯಿಂದ ಕಣ್ಣು ಒರೆಸಿಕೊಂಡು ಆಮೇಲೆ ಅರ್ಧ ತಾಸು ಕುಣಿದಳು, ಅದು ಬೇರೆ ಮಾತು. ಆದರೆ ಈ ಆಸೆಯನ್ನು ಅವಳು ಅಪ್ಪನ ಮುಂದೆ ಎಂದೂ ಹೇಳಲಿಲ್ಲ. ಲಗ್ನ ಗೊತ್ತಾದ ಹುಡುಗಿ ‘ನನಗ ಇದು ಬೇಕು’ ಅನ್ನುವುದು ಆಗ ನಮ್ಮ ಮನೆಯಲ್ಲಿ ರೂಢಿಯಲ್ಲಿರಲಿಲ್ಲ.

ಊರು ಗೊತ್ತುಮಾಡಲು ಒಂದು ರವಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತೆವು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಅಪ್ಪ ಮೊದಲು ಅಜ್ಜಿಯ ಕಡೆ ತಿರುಗಿ, “ನಿನಗ ಕಾಶಿ ಅಲ್ಲೇನ ಯವ್ವಾ?” ಅಂದ. ನಾವೆಲ್ಲ ಅವಳು ಹೂಂ ಅನ್ನುತ್ತಾಳೆಂದೇ ತಿಳಿದಿದ್ದೆವು.

ಅಜ್ಜಿ ಎಣ್ಣೆಗಾಯಿ ಬಾಯಿಗಿಡುತ್ತ ತಲೆ ಅಲ್ಲಾಡಿಸಿದಳು. “ಕಾಶಿಗೆ ಹೋದ್ರ ಮನಸಿಗೆ ಸೇರಿದ್ದೊಂದು ಬಿಟ್ಟು ಬರಬೇಕು. ನನಗ ಮನಸಿಗೆ ಸೇರಿದ್ದು ಬದನಿಕಾಯಿ ಒಂದೇ. ಅದನ್ನ ಗಂಗಿಗೆ ಕೊಟ್ಟು ಬಂದು ನಾ ಏನು ತಿನ್ನಲಿ?”

“ಹಾಗಲಕಾಯಿ ಬಿಟ್ಟು ಬಾ.”

“ಹಾಗಲಕಾಯಿ ನಾ ಯಾವಾಗ ತಿಂದೀನೋ? ದೇವರಿಗೂ ಗೊತ್ತಾಗಂಗಿಲ್ಲೇನು?”

ಹಾಗಾಗಿ ಕಾಶಿ ಹೋಯಿತು. ಅಜ್ಜಿಗೆ ಬೇಕಾದದ್ದು ಹೈದರಾಬಾದ್. ತೀರಿಹೋದ ಅಜ್ಜ ಕೋರ್ಟಿನ ಕೆಲಸಕ್ಕೆ ಅಲ್ಲಿಗೆ ಹೋಗಿಬಂದು, ಚಾರ್‌ಮಿನಾರಿನ ತುದಿಗೆ ಮೋಡ ತಾಗುತ್ತದೆ ಎಂದು ಜೀವಮಾನವಿಡೀ ಹೇಳಿದ್ದನಂತೆ. “ಖರೇ ಹೇಳ್ಯಾನೋ ಸುಳ್ಳು ಹೇಳ್ಯಾನೋ ಒಮ್ಮೆ ನೋಡಿ ಬಿಡ್ತೀನಿ. ಮ್ಯಾಲೆ ಹೋದ ಕೂಡಲೇ ಕೇಳಬೇಕು” ಅಂದಳು ಅಜ್ಜಿ. ಅವ್ವನಿಗೆ ದೇವದುರ್ಗಕ್ಕೆ ಹೋಗಿ ಬೀಗರ ಮನೆಯ ಅಡುಗೆಮನೆ ಎಷ್ಟು ದೊಡ್ಡದಿದೆ ಎಂದು ನೋಡಿಕೊಂಡು ಬರಬೇಕಿತ್ತು. ನನಗೆ ಬೊಂಬಾಯಿ. ಅಲ್ಲಿ ಬಸ್ಸಿನ ಮೇಲೆ ಇನ್ನೊಂದು ಬಸ್ಸು ಇರುತ್ತದೆಂದು ಶಾಲೆಯಲ್ಲಿ ಕೇಳಿದ್ದೆ. ಒಲೆಯ ಮುಂದಿದ್ದ ಅಕ್ಕನನ್ನು ಕೇಳಿದಾಗ ಅವಳು ರೊಟ್ಟಿ ಬಡಿಯುತ್ತ ತಲೆಯೆತ್ತದೆ, “ನೀವೆಲ್ಲಿ ಅಂತೀರೋ ಅಲ್ಲೇ” ಅಂದಳು. ಅಪ್ಪನ ಸರದಿ ಬಂದಾಗ ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಮಾತು ಬೆಳೆಯಿತು. ಅವ್ವ ಹೈದರಾಬಾದಿನ ಧೂಳನ್ನು ಬೈದಳು. ಅಜ್ಜಿ ದೇವದುರ್ಗದ ಸೆಕೆಯನ್ನು ಬೈದಳು. ರಾಯಚೂರಿನಲ್ಲಿ ಕೂತು ಇನ್ನೊಂದು ಊರಿನ ಸೆಕೆಯನ್ನು ಬೈಯಲು ಧೈರ್ಯ ಬೇಕು. ಕೊನೆಗೆ ಅಜ್ಜಿಯೇ ಕೈ ತೊಳೆದು, “ದೇವರ ಮುಂದ ಚೀಟಿ ಹಾಕ್ರಿ” ಅಂದಳು. ನಮ್ಮ ಮನೆಯಲ್ಲಿ ತೀರದ ಮಾತುಗಳೆಲ್ಲ ಹಾಗೆಯೇ ತೀರುತ್ತಿದ್ದವು. ಒಬ್ಬೊಬ್ಬರದು ಒಂದೊಂದು ಚೀಟಿ. ಮನೆಯ ಸಣ್ಣ ಮಗು ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದೇ ದೇವರ ಮಾತು. ಉಳಿದ ಚೀಟಿಗಳನ್ನು ಬಿಚ್ಚಿ ನೋಡುವಂತಿಲ್ಲ. ನೋಡಿದರೆ ದೇವರ ಮೇಲೆ ಅನುಮಾನಪಟ್ಟ ಹಾಗೆ. ಅವನ್ನು ಹಾಗೇ ಒಯ್ದು ತುಳಸಿಯ ಬುಡದ ಮಣ್ಣಿನಲ್ಲಿ ಮುಚ್ಚಬೇಕು.

ಅಜ್ಜಿಗೆ, ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ನಾನು ಎರಡನೇ ಇಯತ್ತೆಯಲ್ಲಿ ಓದುತ್ತಿದ್ದೆ. ನನ್ನ ಅಕ್ಷರ ಕಂಡರೆ ದೇವರೂ ಗೊಂದಲಕ್ಕೆ ಬೀಳುತ್ತಾನೆಂದು ಅಪ್ಪ ಹೇಳಿದ. ಹಾಗಾಗಿ ಅಕ್ಕನೇ ನನ್ನ ಪಾಟಿಚೀಲದಿಂದ ನೋಟ್‌ಬುಕ್ಕು ತೆಗೆದು, ಒಂದು ಹಾಳೆಯನ್ನು ಐದು ತುಂಡು ಮಾಡಿ, ಒಂದನ್ನು ಅಪ್ಪನಿಗೆ ಕೊಟ್ಟು, ಉಳಿದವನ್ನು ತಾನೇ ಬರೆದಳು. ಪ್ರತಿಯೊಬ್ಬರ ಹತ್ತಿರವೂ ಹೋಗಿ, “ಯಾವೂರ ಬರಿಲಿ?” ಎಂದು ಕೇಳಿ ಬರೆದಳು. “ಹೈದರಾಬಾದ ಅಂತ ದೊಡ್ಡದಾಗಿ ಬರಿ, ದೇವರಿಗೆ ಕಾಣಲಿ” ಅಂದಳು ಅಜ್ಜಿ. ಅಕ್ಕ ಹೂಂಗುಟ್ಟಿ ದೊಡ್ಡದಾಗಿಯೇ ಬರೆದಳು. ಅಪ್ಪ ಕಿಸೆಯ ಪೆನ್ನಿನಿಂದ ತನ್ನದನ್ನು ಬರೆದು ಮಡಚಿಟ್ಟ.

ನಾನು ಮತ್ತೆ ಸ್ನಾನ ಮಾಡಬೇಕಾಯಿತು. ಊದಿನಕಡ್ಡಿಯ ಹೊಗೆ, ಹಿತ್ತಾಳೆಯ ತಟ್ಟೆ, ಅದರಲ್ಲಿ ಐದು ಚೀಟಿ, ಮೇಲೆ ಒಂದು ಚೂರು ಕುಂಕುಮ. ನಾನು ಕಣ್ಣು ಮುಚ್ಚಿದೆ. ಬೊಂಬಾಯಿ, ಬೊಂಬಾಯಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತ ಬೆರಳಿಗೆ ಸಿಕ್ಕಿದ್ದನ್ನು ಎತ್ತಿದೆ. ಅಪ್ಪ ಬಿಚ್ಚಿ ಓದಿದ.

“ಮಾನ್ವಿ.”

ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಎಲ್ಲಿಗಾದರೂ ಹೋಗಬಹುದಾದ ಪಾಸು ನಮ್ಮ ಕೈಯಲ್ಲಿತ್ತು. ದೇವರು ನಮ್ಮನ್ನು ಪಕ್ಕದ ತಾಲ್ಲೂಕಿಗೆ ಕಳಿಸಿದ್ದ. ಅಲ್ಲಿ ಅಪ್ಪನ ತಂಗಿ, ನಮ್ಮ ಅತ್ತೆಯ ಮನೆ ಇತ್ತು. ವರ್ಷಕ್ಕೆ ನಾಲ್ಕು ಸಲ ಹೋಗಿಬರುತ್ತಿದ್ದೆವು.

“ಮಾನ್ವಿ ಯಾರ್ ಬರಸ್ಯಾರ?” ಅವ್ವ ಅಜ್ಜಿಯನ್ನು ನೋಡಿದಳು. ಮಗಳ ಮನೆಯ ಆಸೆಗೆ ಅಜ್ಜಿಯೇ ಮಾತು ಬದಲಿಸಿದಳೆಂದು ಅವಳಿಗೆ ಗುಮಾನಿ.

“ನಾ ಹೈದರಾಬಾದ ಅಂದೀನಿ, ಎಲ್ಲಾರೂ ಕೇಳೀರಿ!” ಅಂದಳು ಅಜ್ಜಿ. ಆಮೇಲೆ ತುಸು ಯೋಚಿಸಿ, “ಬಂದದ್ದು ಬಂತು ಬಿಡ್ರಿ. ಮಗಳಿಗೊಂದು ಸೀರಿ ಕೊಡೋದೂ ಇತ್ತು” ಎಂದು ಸಮಾಧಾನವಾಗಿಬಿಟ್ಟಳು. ಅಪ್ಪ ಚೀಟಿಯನ್ನು ಸಣ್ಣಗೆ ಮಡಚಿ ಕಿಸೆಗಿಟ್ಟುಕೊಂಡ. ಅಕ್ಕ ಮಾತ್ರ ತಟ್ಟೆಯನ್ನೇ ನೋಡುತ್ತ ನಿಂತಿದ್ದಳು, ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದನ್ನು ಕಂಡವಳ ಹಾಗೆ.

ಉಳಿದ ನಾಲ್ಕು ಚೀಟಿಗಳನ್ನು ಮುಚ್ಚಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಹಿತ್ತಲಿಗೆ ಹೋಗಿ ತುಳಸಿಯ ಮುಂದೆ ಕೂತೆ. ನನ್ನ ಬೊಂಬಾಯಿಯನ್ನು ಮಣ್ಣಿಗೆ ಹಾಕುವ ಮುಂಚೆ ಒಮ್ಮೆ ನೋಡಬೇಕೆನಿಸಿತು. ದೇವರ ಮೇಲೆ ನನಗೆ ಅನುಮಾನವೇನೂ ಇರಲಿಲ್ಲ. ಒಂದು ಚೀಟಿ ಬಿಚ್ಚಿದೆ. ಮದ್ರಾಸ್. ಓಹೋ, ಇದು ಅಕ್ಕನದು ಅಂದುಕೊಂಡೆ. ಇನ್ನೊಂದು ಬಿಚ್ಚಿದೆ. ಮದ್ರಾಸ್. ಮೂರನೆಯದು ದೊಡ್ಡ ಅಕ್ಷರದಲ್ಲಿತ್ತು, ದೇವರಿಗೆ ಕಾಣುವಷ್ಟು ದೊಡ್ಡದು. ಅದೂ ಮದ್ರಾಸ್. ನಾಲ್ಕನೆಯದೂ.

ನನ್ನ ಬೊಂಬಾಯಿ ಎಲ್ಲೂ ಇರಲಿಲ್ಲ. ಸಿಟ್ಟು ಬಂದು “ಯವ್ವಾ!” ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಬಾಯಿ ಮುಚ್ಚಿತು. ಜೋಳದ ಹಿಟ್ಟಿನ ವಾಸನೆಯ ಕೈ.

“ಒದರಬ್ಯಾಡಲೇ!” ಅಕ್ಕ ಪಿಸುಗುಟ್ಟಿದಳು.

ನಾನು ಕೈ ಸರಿಸಿ, “ನಂದೂ ಮದ್ರಾಸ್ ಬರದೀ? ನಾ ಬೊಂಬಾಯಿ ಅಂದಿದ್ದೆ!” ಅಂದೆ.

“ಬೊಂಬಾಯಿ ಅಂತ ಬೊಂಬಾಯಿ. ಐದರಾಗ ನಾಲ್ಕು ಮದ್ರಾಸ್ ಇಟ್ಟಿದ್ನಲ್ಲೋ! ಒಂದೇ ಒಂದು ಬ್ಯಾರೆ ಇತ್ತು. ಅದೇ ಬೇಕಾಗಿತ್ತೇನು ನಿನ್ನ ಸುಡುಗಾಡು ಕೈಗೆ?” ಅವಳು ನನ್ನ ಬಲಗೈಯನ್ನು ಹಿಡಿದು ತಿರುಗಿಸಿ ಮುರುಗಿಸಿ ನೋಡಿದಳು, ಅದರಲ್ಲಿ ಏನೋ ದೋಷ ಇರಬೇಕೆಂಬಂತೆ. “ಕುರುಡ ಎತ್ತಿದ್ರೂ ಮದ್ರಾಸ್ ಬರ್ತಿತ್ತು!”

“ನಾ ಕಣ್ಣು ಮುಚ್ಚಿದ್ದೆ” ಅಂದೆ.

ಅದಕ್ಕೆ ಅವಳಿಗೆ ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಅವಳು ನಗುವುದನ್ನು ನೋಡಿ ನಾನೂ ನಕ್ಕೆ. ನಗುತ್ತ ನಗುತ್ತ ಅವಳ ಕಣ್ಣಿನಿಂದ ನೀರು ಸುರಿಯತೊಡಗಿತು. ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂಬುದು ಏಳು ವರ್ಷದ ನನಗೆ ತಿಳಿಯಲಿಲ್ಲ. ನಾನು ನಗುತ್ತಲೇ ಇದ್ದೆ. ಒಳಗಿಂದ ಅಜ್ಜಿ, “ಏನ್ ಕಿಸಿಯಾಕತ್ತೀರಿ ಅಲ್ಲಿ?” ಎಂದು ಕೂಗಿದಳು. ಅಕ್ಕ ಮುಖ ಒರೆಸಿಕೊಂಡು ನಾಲ್ಕೂ ಮದ್ರಾಸನ್ನು ಮಣ್ಣಿನಲ್ಲಿ ಮುಚ್ಚಿ, ಮೇಲೆ ಒಂದು ತಂಬಿಗೆ ನೀರು ಹಾಕಿದಳು.

ಮಾನ್ವಿ ಬರೆದವರು ಯಾರೆಂದು ನನಗೀಗ ಗೊತ್ತಾಗಿತ್ತು. ಸಂಜೆ ಅಪ್ಪ ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದಾಗ ಹತ್ತಿರ ಹೋಗಿ, “ಯಪ್ಪಾ, ಮಾನ್ವಿಗೆ ರೈಲೇ ಇಲ್ಲಲ್ಲ?” ಎಂದು ಕೇಳಿದೆ.

“ಇಲ್ಲ” ಅಂದ ಅಪ್ಪ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡೇ ಇರಲಿಲ್ಲ. “ಒಂದೂ ಇಲ್ಲ. ಗೂಡ್ಸ್ ಗಾಡಿ ಸೈತ ಇಲ್ಲ. ಗಂಟಿ ಇಲ್ಲ, ಸೀಟಿ ಇಲ್ಲ, ಪಾರ್ಸಲ್ ಬಂತೇನ್ರೀ ಅಂತ ಕೇಳೋರಿಲ್ಲ. ಮೂರು ದಿನ ಸತ್ತವರಂಗ ನಿದ್ದಿ ಮಾಡ್ತೀನಿ ನೋಡು.”

ಪಾಸು ಆ ವರ್ಷವೂ ಹಾಗೇ ಮುಗಿದುಹೋಯಿತು. ನಾವು ಬಸ್ಸಿನಲ್ಲಿ ಮಾನ್ವಿಗೆ ಹೋದೆವು. ಪಾಪ, ಅಪ್ಪನಿಗೆ ಅಲ್ಲಿ ನಿದ್ದೆಯೇ ಬರಲಿಲ್ಲ. ಮೇಲ್ ಬರುವ ಹೊತ್ತಿಗೆ ತಾನಾಗಿಯೇ ಎದ್ದು ಕೂತು, “ಇವತ್ತು ಲೇಟ್ ಆದಂಗ ಅದ” ಎಂದು ಗೊಣಗುತ್ತಿದ್ದನಂತೆ. ಎರಡನೆಯ ದಿನ ನಮ್ಮನ್ನೆಲ್ಲ ಕಾಲುವೆಗೆ ಕರೆದುಕೊಂಡು ಹೋದ. ಎರಡೂ ದಂಡೆಯ ಆಚೆ ಕಣ್ಣು ಮುಟ್ಟುವವರೆಗೆ ಭತ್ತದ ಹಸಿರು, ನಡುವೆ ಕೆಂಪನೆಯ ನೀರು ತುಂಬಿ ಹರಿಯುತ್ತಿತ್ತು. “ನೋಡವಾ, ಎಷ್ಟು ನೀರು! ಇಷ್ಟು ನೀರು ಎಲ್ಲಿ ನೋಡತಿದ್ದಿ ನೀನು?” ಎಂದು ಅಕ್ಕನಿಗೆ ಹೆಮ್ಮೆಯಿಂದ ಹೇಳಿದ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ನೋಡಿದರೆ ನಗು ಬಂದುಬಿಡುತ್ತಿತ್ತು. “ಹೌದು ಯಪ್ಪಾ, ಭಾಳ ಅದ” ಅಂದಳು.

ಸಂಕ್ರಾಂತಿಯ ನಂತರ ಅವಳು ದೇವದುರ್ಗಕ್ಕೆ ಹೋದಳು. ನಾನು ದೊಡ್ಡವನಾದ ಮೇಲೆ ಮದ್ರಾಸಿಗೆ ಎಷ್ಟೋ ಸಲ ಕರೆದೆ. ಒಂದು ವರ್ಷ ಎಮ್ಮೆ ಈಯುವುದಿತ್ತು. ಒಂದು ವರ್ಷ ಸೊಸೆಯ ಬಾಣಂತನ. ಆಮೇಲೆ ಅವಳ ಮೊಣಕಾಲು. “ಮುಂದಿನ ವರ್ಷ ಹೋಗೂಣಲೇ, ಸಮುದ್ರ ಎಲ್ಲಿ ಓಡಿ ಹೋಗ್ತದ?” ಅನ್ನುತ್ತಿದ್ದಳು. ನಾನು ನಾಲ್ಕೈದು ಸಲ ಸಮುದ್ರ ನೋಡಿ ಬಂದೆ. ಬಂದು ಅವಳಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಅವಳು ತೀರಿಹೋಗಿ ಈಗ ಎರಡು ತಿಂಗಳಾಗುತ್ತ ಬಂತು. ಮೊಮ್ಮಕ್ಕಳು ನೀವಿಬ್ಬರೂ ಆಗ ಬಂದಿದ್ದಿರಿ. ಅವಳ ಅಸ್ಥಿಯನ್ನು ದೇವದುರ್ಗದ ಹತ್ತಿರ ಕೃಷ್ಣೆಯಲ್ಲಿ ಬಿಟ್ಟಾಗ ನಾನು ನೀರಿನಲ್ಲಿ ಬಹಳ ಹೊತ್ತು ಯಾಕೆ ನಿಂತೆನೆಂದು ನಿಮ್ಮಲ್ಲಿ ಒಬ್ಬಳು ಕೇಳಿದಳು. ಆ ಹೊಳೆ ಕೊನೆಗೆ ಎಲ್ಲಿ ಸೇರುತ್ತದೆಂದು ನಿಮ್ಮ ಶಾಲೆಯ ನಕಾಶೆಯಲ್ಲಿ ನೋಡಿ. ಅದಕ್ಕೇ ನಿಂತಿದ್ದೆ.

ನೀವು ಈಗ ಸೂಟಿಗೆ ಊರು ಆರಿಸುವ ರೀತಿಯೇ ಬೇರೆ. ಫೋನಿನಲ್ಲಿ ಮನೆಮಂದಿಯ ಗುಂಪು, ಅದರಲ್ಲಿ ನಾಲ್ಕು ಊರಿನ ಹೆಸರು, ಬೇಕಾದದ್ದರ ಮೇಲೆ ಬೆರಳು ಒತ್ತುವುದು. ಯಾರು ಯಾವುದಕ್ಕೆ ಒತ್ತಿದರೆಂದು ಎಲ್ಲರಿಗೂ ಕಾಣುತ್ತದೆ. ‘ನನಗೆ ಗೋವಾನೇ ಬೇಕು’ ಎಂದು ನೀವು ಕಾಲು ಬಡಿದು ಹೇಳಬಹುದು. ಯಾರೂ ಬೈಯುವುದಿಲ್ಲ. ನನಗೆ ಅದನ್ನು ನೋಡಿದರೆ ಸಂತೋಷ. ನಿನ್ನೆ ನನ್ನ ಫೋನಿನಲ್ಲೂ ಬಂತು. ಕನ್ನಡಕ ಹಾಕಿಕೊಂಡು, ಎಷ್ಟು ಬೆರಳು ಬಿದ್ದಿವೆಯೆಂದು ಎಣಿಸಿದೆ. ನಿಮ್ಮಿಬ್ಬರದು, ನಿಮ್ಮ ಅಪ್ಪನದು, ನನ್ನದು, ಒಟ್ಟು ನಾಲ್ಕು. ಮನೆಯಲ್ಲಿ ನಾವು ಐದು ಜನ.

ನಿಮ್ಮ ಅಮ್ಮ ಇನ್ನೂ ಒತ್ತಿಲ್ಲ. ಈಗ ಅಡುಗೆಮನೆಯಲ್ಲಿದ್ದಾಳೆ. ಎದ್ದು ಹೋಗಿ ಕೇಳಿ. ಏನೂ ಇಲ್ಲ ಅಂದರೆ ಅಲ್ಲೇ ಕೂತು ಇನ್ನೊಮ್ಮೆ ಕೇಳಿ.