ಎಂಟು ಹೊತ್ತಿನ ಗದ್ದೆ

ಮಾವನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ವರ್ಷಗಟ್ಟಲೆ ಕ್ಯಾಮರಾದ ಕಿಂಡಿಗೆ ಬಲಗಣ್ಣು ಕೊಟ್ಟು, ಎಡಗಣ್ಣು ಮುಚ್ಚಿ ಮುಚ್ಚಿ, ಅದು ಹಾಗೆಯೇ ನಿಂತುಬಿಟ್ಟಿತ್ತು. ಗುರುತಿಲ್ಲದವರಿಗೆ ಕಣ್ಣು ಹೊಡೆದ ಹಾಗೆ ಕಾಣುವುದು. ಒಮ್ಮೆ ಐವರ್ನಾಡಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿ, ಈ ಜನ ನನಗೇ ಕಣ್ಣು ಹೊಡೆಯುತ್ತದೆ ಎಂದು ಎದ್ದು ಒಳಗೆ ಹೋದರಂತೆ. ಆಮೇಲೆ ಮಾವ ಮದುವೆಯ ಸುದ್ದಿಗೇ ಹೋಗಲಿಲ್ಲ. ಅವರು ತೀರಿಕೊಂಡ ದಿವಸ ಚಟ್ಟದ ಮೇಲೆ ಮಲಗಿಸಿದಾಗಲೂ ಆ ಕಣ್ಣು ಪೂರ್ತಿ ಮುಚ್ಚಲು ಒಪ್ಪಲಿಲ್ಲ. ಅಳುತ್ತಿದ್ದ ನನಗೆ ಅದನ್ನು ನೋಡಿ ನಗೆ ಬಂತು. ಪಕ್ಕದಲ್ಲಿದ್ದವರು ಏನು ತಿಳಿದುಕೊಂಡರೋ, ತಿಳಿದುಕೊಳ್ಳಲಿ.

ಅವರು ನನ್ನ ಅಮ್ಮನ ಒಬ್ಬನೇ ತಮ್ಮ. ಪುತ್ತೂರಿನ ಪೇಟೆಯಲ್ಲಿ ಒಂದು ಸಣ್ಣ ಸ್ಟುಡಿಯೋ, ಅದರ ಹಿಂದೆ ಎರಡು ಕೋಣೆ, ಅಷ್ಟೇ ಅವರ ಸಂಸಾರ. ನನ್ನ ಅಜ್ಜ ಅಜ್ಜಿ ಬೇಗ ಹೋದ ಕಾರಣ ಅಮ್ಮನಿಗೆ ತವರು ಎಂದರೆ ಆ ಎರಡು ಕೋಣೆಗಳು. ವರ್ಷಕ್ಕೆ ಎರಡು ಸಲ ಅಲ್ಲಿಗೆ ಹೋಗಿ ನಾಲ್ಕು ದಿವಸ ಕೂತು ಬರುವುದು ಅವಳ ಜೀವಮಾನದ ಸುಖ. ಹೋದ ಕೂಡಲೇ ಸೊಂಟಕ್ಕೆ ಸೆರಗು ಸಿಕ್ಕಿಸಿ, ಆ ಕೋಣೆಯ ಜೇಡರ ಬಲೆ ತೆಗೆಯುತ್ತಾ ತಮ್ಮನಿಗೆ ಬೈಯಲು ಸುರುಮಾಡುವಳು. ಮಾವ ಬೈಸಿಕೊಂಡು ಸಂತೋಷದಲ್ಲಿ ಇರುವರು. ನಮ್ಮ ಮನೆಯಲ್ಲಿ ಅಮ್ಮ ಯಾರಿಗೂ ಬೈದದ್ದನ್ನು ನಾನು ಕೇಳಿದ್ದಿಲ್ಲ, ಅಲ್ಲಿ ಬೈಯುವ ಹಕ್ಕು ಅಪ್ಪನದ್ದು.

ಮಾವನ ಸ್ಟುಡಿಯೋಕ್ಕೆ ಗಿರಾಕಿಗಳು ಕಮ್ಮಿ. ಬೇರೆಯವರು ಕಪ್ಪಗಿದ್ದ ಹುಡುಗಿಯನ್ನು ಬೆಳ್ಳಗೆ ಮಾಡಿ, ಮೂಗು ಸಣ್ಣ ಮಾಡಿ ಕೊಡುವ ಕಾಲ. ಮಾವ ಅದಕ್ಕೆಲ್ಲ ಕೈ ಹಾಕುತ್ತಿರಲಿಲ್ಲ. ಯಾರಾದರೂ ಪಟ ಚಂದ ಬರಲಿಲ್ಲ ಎಂದು ತಂದರೆ, "ಇದ್ದ ಹಾಗೆ ಬಂದುಂಟು. ಬೇರೆ ಬೇಕಾದರೆ ಬೇರೆ ಮುಖ ತಕ್ಕೊಂಡು ಬನ್ನಿ" ಎನ್ನುವರು. ಇಂಥವನು ವ್ಯಾಪಾರ ಮಾಡಿ ಬದುಕುವುದುಂಟೇ ಎಂದು ಅಪ್ಪ ನಗಾಡುತ್ತಿದ್ದರು. ಆದರೂ ಅಪ್ಪನಿಗೆ ಈ ಭಾವಮೈದುನನ ಮೇಲೆ ಪ್ರೀತಿಯೇ ಇತ್ತು. ಆ ಒಂದು ಗದ್ದೆ ನಡುವೆ ಬರದಿದ್ದರೆ ಕೊನೆಯವರೆಗೂ ಹಾಗೆಯೇ ಇರುತ್ತಿತ್ತು.

ಪಂಜದ ಹತ್ತಿರ, ನಮ್ಮ ಮನೆಯ ಕೆಳಗೆ ಬೈಲಿನಲ್ಲಿ ಒಂದು ಉದ್ದದ ಗದ್ದೆ ಉಂಟು. ನೀರಿಗೆ ಕೊರತೆ ಇಲ್ಲ, ಗೊಬ್ಬರಕ್ಕೆ ಕೊರತೆ ಇಲ್ಲ, ಆದರೂ ಪೈರು ಬಿಳುಚಿಕೊಂಡು, ತೆನೆ ಜೊಳ್ಳು. ಗದ್ದೆಯ ಮೂಡು ಬದಿಯ ಗಡಿಯಲ್ಲಿ ಆಚೆಮನೆಯ ಯಜಮಾನರ ಮಾವಿನ ಮರಗಳ ಸಾಲು. ಅಪ್ಪ ಬೆಳಿಗ್ಗೆ ಎದ್ದು ಗದ್ದೆಗೆ ಇಳಿದರೆ ಆ ಮರಗಳ ನೆರಳು ಪೈರಿನ ಮೇಲೆ ಮಲಗಿರುತ್ತಿತ್ತು. ನನ್ನ ಬಿಸಿಲು ಕದಿಯುತ್ತಾನೆ ಎಂದು ಅಪ್ಪನಿಗೆ ತಲೆಗೆ ಹತ್ತಿತು. ಮರ ಕಡಿಯಿರಿ ಎಂದು ಹೇಳಿ ಕಳಿಸಿದರು. ಅವರು ಅಜ್ಜನ ಕಾಲದ ಮರ ಕಡಿಯುವುದಿಲ್ಲ ಎಂದರು. ಮಾತಿಗೆ ಮಾತು ಬೆಳೆದು, ಎರಡು ಮನೆಗಳ ನಡುವೆ ಹೋಗಿ ಬರುವುದು ನಿಂತು, ವಿಷಯ ಪುತ್ತೂರಿನ ಕೋರ್ಟಿಗೆ ಹೋಯಿತು. ನೆರಳನ್ನು ಕಟ್ಟಿಕೊಂಡು ಕೋರ್ಟಿಗೆ ತರುವುದು ಹೇಗೆ ಎಂದು ವಕೀಲರು ಕೇಳಿದಾಗ ಅಪ್ಪನಿಗೆ ಭಾವಮೈದುನನ ನೆನಪಾಯಿತು.

ಮಾವ ಸುಲಭದಲ್ಲಿ ಒಪ್ಪಲಿಲ್ಲ. ನೆಂಟನ ಪಟ ಎಂದು ಆಚೆಯವರು ತಕರಾರು ತೆಗೆಯುತ್ತಾರೆ, ಬೇರೆ ಯಾರನ್ನಾದರೂ ಕರೆಯಿರಿ ಎಂದರು. ಅಪ್ಪ ಕೇಳಲಿಲ್ಲ. ಹಾಗಾದರೆ ಒಂದು ಪಟ ಸಾಲದು, ಬೆಳಗಿನಿಂದ ಸಂಜೆಯವರೆಗೆ ಒಂದೇ ಜಾಗದಲ್ಲಿ ನಿಂತು ಒಂದು ಫಿಲಂ ಸುರುಳಿ ಪೂರ್ತಿ ತೆಗೆಯುತ್ತೇನೆ, ಆಚೆಯವರೂ ಬಂದು ನೋಡಲಿ ಎಂದು ಮಾವ ಶರತ್ತು ಹಾಕಿದರು. ಒಂದು ಸುರುಳಿಗೆ ಎಂಟು ಪಟ. ಅಪ್ಪ ಖುಷಿಯಲ್ಲೇ ಹೂಂ ಎಂದರು.

ಎರಡನೆಯ ಬೆಳೆಯಾದ ಸುಗ್ಗಿಯ ಪೈರು ಎದ್ದು ನಿಂತಿದ್ದ ಚಳಿಯ ದಿವಸಗಳು. ಮಾವ ಹಿಂದಿನ ದಿವಸವೇ ಪಂಜಕ್ಕೆ ಬಂದು, ನಮ್ಮಲ್ಲಿಗೆ ಬಾರದೆ ಶಾಲೆಯ ಜಗಲಿಯಲ್ಲಿ ಮಲಗಿದ್ದರು. ಮಂಜು ಬಿಡುವ ಮೊದಲೇ ಗದ್ದೆಯ ಬದುವಿನಲ್ಲಿ ಹಾಜರು. ಕ್ಯಾಮರಾ, ಅದರ ಮೂರು ಕಾಲು, ಮತ್ತೆ ಅವರ ಸ್ಟುಡಿಯೋದ ಗೋಡೆ ಗಡಿಯಾರ! ಪುತ್ತೂರಿನಿಂದ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಗದ್ದೆಯ ಮೂಲೆಯಲ್ಲಿ ಗೂಟ ಹುಗಿದು ಅದನ್ನು ತೂಗುಹಾಕಿದರು. ಪಟದಲ್ಲಿ ಗಂಟೆಯೂ ಬೀಳಬೇಕು, ಇಲ್ಲದಿದ್ದರೆ ಯಾರು ನಂಬುತ್ತಾರೆ ಎಂದರು. ಒಂದು ಕಾಗೆ ಬಂದು ಗಡಿಯಾರದ ಮೇಲೆ ಕೂತಿತು. ಮಾವ ಅದನ್ನು ಓಡಿಸಲು ಹೋಗಿ ಕೆಸರಿಗೆ ಜಾರಿದರು. ಅಷ್ಟು ಹೊತ್ತಿಗೆ ಬದುವಿನ ಆ ಬದಿಯಲ್ಲಿ ಆಚೆಮನೆಯ ಯಜಮಾನರೂ ಅವರ ಅಣ್ಣತಮ್ಮಂದಿರೂ, ಈ ಬದಿಯಲ್ಲಿ ನಾವು. ಯಾರೂ ನಗಲಿಲ್ಲ.

ಮೊದಲಿನ ಮೂರು ಪಟ ಆಗುವವರೆಗೆ ಅಪ್ಪನಿಗೆ ಗೆದ್ದಷ್ಟೇ ಸಮಾಧಾನ. ಮಾವಿನ ಮರಗಳ ನೆರಳು ಅರ್ಧ ಗದ್ದೆಯನ್ನು ಮುಚ್ಚಿತ್ತು. ಆಮೇಲೆ ಅದು ಹಿಂದೆ ಸರಿಯತೊಡಗಿತು. ಬಿಸಿಲು ಏರಿದ ಹಾಗೆ ಬದುವಿನ ಬುಡಕ್ಕೆ ಹೋಗಿ ಮುದುಡಿತು. ಮಧ್ಯಾಹ್ನಕ್ಕೆ ಗದ್ದೆ ಪೂರ್ತಿ ಬೆಳಕು.

ಅಷ್ಟರಲ್ಲಿ ಊಟದ ಹೊತ್ತು. ಅಮ್ಮ ಬೆಳಗಿನಿಂದಲೇ ತಮ್ಮನಿಗೆಂದು ಹಲಸಿನ ಹಪ್ಪಳ ಹುರಿದು, ಕೆಸುವಿನ ಪತ್ರೊಡೆ ಮಾಡಿ ಇಟ್ಟಿದ್ದಳು. ಮಾವ ಮೇಲೆ ಬರಲಿಲ್ಲ. ಕರೆಯಲು ಹೋದ ನಾನು ನೋಡುವಾಗ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು, ಚೀಲದಿಂದ ಒಣ ಅವಲಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆಚೆಮನೆಯಿಂದ ಬಂದ ಎಳನೀರಿನ ಬೊಂಡವೂ ಹಾಗೆಯೇ ಕೆತ್ತದೆ ಬಿದ್ದಿತ್ತು. ನಾನು ಮೇಲೆ ಹೋಗಿ ಹೇಳಿದೆ. ಅಮ್ಮ ಅನ್ನದ ಪಾತ್ರೆಗೆ ಬಾಳೆಎಲೆ ಮುಚ್ಚಿ, ತಾನೇ ಎತ್ತಿಕೊಂಡು ಇಳಿದು ಬಂದಳು. ಎರಡು ಮನೆಯ ಗಂಡಸರೂ ನೋಡುತ್ತಾ ನಿಂತಿದ್ದರು. ಅಮ್ಮ ಅಷ್ಟು ಜನ ಗಂಡಸರ ಮುಂದೆ ಬಂದು ನಿಂತದ್ದು ಅದೇ ಮೊದಲು.

ಮಾವ ಎದ್ದು ನಿಂತರು. "ಅಕ್ಕ, ಇವತ್ತು ನಾನು ನಿನ್ನ ತಮ್ಮ ಅಲ್ಲ. ಪಟ ತೆಗಿಲಿಕ್ಕೆ ಬಂದವ. ನಿನ್ನ ಅನ್ನ ಉಂಡರೆ ನಾಳೆ ಕೋರ್ಟಿನಲ್ಲಿ ಮೊದಲು ಕೇಳುದು ಅದನ್ನೇ" ಎಂದರು.

"ಹಾಗಾದರೆ ಇನ್ನು ಯಾವತ್ತು ನನ್ನ ತಮ್ಮ ಆಗುದು ನೀನು?" ಎಂದಳು ಅಮ್ಮ.

ಮಾವ ಅವಲಕ್ಕಿ ಚೀಲದ ಬಾಯಿ ಕಟ್ಟಿದರು. ಅಮ್ಮ ಪಾತ್ರೆ ಎತ್ತಿಕೊಂಡು ಹಾಗೆಯೇ ಹಿಂದೆ ಹೋದಳು. ಅವಳ ಮುಖ ನೋಡಿ ನನಗೆ ಮಾವನ ಮೇಲೆ ಸಿಟ್ಟು ಬಂತು, ಆ ಕ್ಯಾಮರಾವನ್ನು ತೋಡಿನ ನೀರಿಗೆ ಎಸೆಯಬೇಕು ಅನಿಸಿತು. ಅಕ್ಕನ ಮನೆ ಬಾಗಿಲಿಗೆ ಬಂದು ಉಪವಾಸ ಕೂರುವ ತಮ್ಮ ಲೋಕದಲ್ಲಿ ಇನ್ನೊಬ್ಬ ಉಂಟೇ?

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಗದ್ದೆಯ ಕಡೆ ಹೋಗುವ ಕ್ರಮವೇ ಇರಲಿಲ್ಲ. ಚಾವಡಿಯಲ್ಲಿ ಒಂದು ನಿದ್ದೆ, ಎದ್ದು ಕಾಪಿ, ಮತ್ತೆ ತೋಟ. ಅವತ್ತು ಮಾತ್ರ ನಿದ್ದೆ ಬಿಟ್ಟು ಬದುವಿನಲ್ಲಿ ನಿಂತಿದ್ದರು. ಆದ ಕಾರಣ ಆ ಗದ್ದೆಯ ಮಧ್ಯಾಹ್ನವನ್ನು ಅವರು ನೋಡಿದ್ದು ಬಹುಶಃ ಅವತ್ತೇ. ಗದ್ದೆಯ ಆಚೆ, ಹೊತ್ತು ಕಂತುವ ಪಡು ಬದಿಯಲ್ಲಿ, ಎತ್ತರದ ದರೆಯ ಮೇಲೆ, ನಮ್ಮದೇ ಆರು ಹಲಸಿನ ಮರಗಳು. ಹೊತ್ತು ಸ್ವಲ್ಪ ವಾಲಿದ್ದೇ ತಡ, ಅವುಗಳ ನೆರಳು ದರೆ ಇಳಿದು ಬಂತು. ಮಾವಿನ ನೆರಳಿನ ಹಾಗೆ ಹಿಂದೆ ಹೋಗುವ ನೆರಳಲ್ಲ ಅದು, ಮುಂದೆ ಮುಂದೆ ಬರುವ ನೆರಳು. ಮಾವ ಆರನೆಯ ಪಟ ತೆಗೆಯುವಾಗ ಗದ್ದೆಯ ಕಾಲುಭಾಗ ಕಪ್ಪಾಗಿತ್ತು.

ಆಗ ಎಲ್ಲಿಂದಲೋ ಒಂದು ಮೋಡ ಬಂದು ಹೊತ್ತನ್ನು ಮುಚ್ಚಿತು. ನೆರಳೆಲ್ಲ ಮಾಯ. ಅಪ್ಪ ನಿಟ್ಟುಸಿರು ಬಿಟ್ಟದ್ದು ನನಗೆ ಕೇಳಿತು. ಅವರು ಮಾವನ ಹತ್ತಿರ ಹೋಗಿ, ಇನ್ನು ಸಾಕು, ಹೊರಡುವ ಎಂದು ಮೆಲ್ಲಗೆ ಹೇಳಿದರು. ಆಚೆಮನೆಯವರು ಕಿವಿ ನಿಮಿರಿಸಿಕೊಂಡು ನಿಂತಿದ್ದರು. ಮಾವ ಆಕಾಶ ನೋಡಿದರು, ಗಡಿಯಾರ ನೋಡಿದರು.

"ಸುರುಳಿ ಮುಗಿಲಿಲ್ಲ ಭಾವ" ಎಂದರು.

"ನಾನು ಹೇಳಿದೆನಲ್ಲ, ಸಾಕು."

"ನಿಲ್ಲಿಸುದಾದರೆ ಬೆಳಿಗ್ಗೆಯೇ ನಿಲ್ಲಿಸಬೇಕಿತ್ತು. ಈಗ ಆಗುದಿಲ್ಲ."

ಆ ಮೋಡ ಸರಿಯುವವರೆಗೂ ಅಪ್ಪ ಮುಷ್ಟಿ ಬಿಗಿದುಕೊಂಡು ಕ್ಯಾಮರಾದ ಪಕ್ಕವೇ ನಿಂತಿದ್ದರು. ಒಂದು ಸಲ ಒದ್ದರೆ ಆ ಮೂರು ಕಾಲು ಕೆಸರಿಗೆ. ಒದೆಯುತ್ತಾರೆ ಎಂದೇ ನಾನು ಕಾದಿದ್ದೆ. ಮಾವ ಅಲ್ಲಿಂದ ಕದಲಲಿಲ್ಲ. ಬಿಸಿಲು ಮತ್ತೆ ಬಂದಾಗ ನಮ್ಮ ಹಲಸಿನ ನೆರಳು ಮುಕ್ಕಾಲು ಗದ್ದೆಯನ್ನು ನುಂಗಿತ್ತು. ಏಳನೆಯದು, ಸಂಜೆಗೆ ಎಂಟನೆಯದು. ಆಚೆಮನೆಯ ಯಜಮಾನರು ಒಂದು ಮಾತೂ ಆಡದೆ ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಬೈದು ಹೋಗಿದ್ದರೂ ಅಪ್ಪನಿಗೆ ಅಷ್ಟು ಉರಿಯುತ್ತಿರಲಿಲ್ಲ.

ವಾರ ಕಳೆದು ಮಾವ ಪಟಗಳನ್ನು ತಂದರು. ಅಪ್ಪ ಚಾವಡಿಯಲ್ಲಿ ಅವುಗಳನ್ನು ಹರಡಿ, ಬೆಳಗಿನ ಮೂರನ್ನು ಮಾತ್ರ ಎತ್ತಿ ಬೇರೆ ಇಟ್ಟರು. ಇಷ್ಟೇ ಕೋರ್ಟಿಗೆ, ಉಳಿದದ್ದನ್ನು ಒಲೆಗೆ ಹಾಕು ಎಂದರು. ಮಾವ ಎಂಟನ್ನೂ ಕೂಡಿಸಿ ಮತ್ತೆ ಕಟ್ಟು ಮಾಡಿದರು. ಕೊಟ್ಟರೆ ಎಂಟೂ, ಇಲ್ಲದಿದ್ದರೆ ಒಂದೂ ಇಲ್ಲ, ಬೆಳಿಗ್ಗೆಯ ಗದ್ದೆ ಬೇರೆ ಸಂಜೆಯ ಗದ್ದೆ ಬೇರೆ ಅಲ್ಲ ಎಂದರು. ಅಕ್ಕನ ಗಂಡ ಎಂದು ಸ್ವಲ್ಪವೂ ಇಲ್ಲವಾ ಎಂದು ಅಪ್ಪ ಕೇಳಿದರು. ಮಾವ ತಲೆ ತಗ್ಗಿಸಿ ಕೂತರು, ಕಟ್ಟು ಮಾತ್ರ ಬಿಡಲಿಲ್ಲ.

"ಇನ್ನು ನಿನ್ನ ಕಾಲು ಈ ಅಂಗಳಕ್ಕೆ ಬೀಳುದು ಬೇಡ. ಇಲ್ಲಿಂದ ಅಲ್ಲಿಗೆ ಯಾರೂ ಬರುದೂ ಇಲ್ಲ" ಎಂದರು ಅಪ್ಪ. ಒಳಗೆ ಅಮ್ಮ ಒರಳಿನ ಮುಂದೆ ಕೂತಿದ್ದಳು. ರುಬ್ಬುವ ಕಲ್ಲು ಒಂದು ಸಲ ನಿಂತಿತು, ಮತ್ತೆ ತಿರುಗಿತು.

ಆಚೆಮನೆಯವರು ಆ ಪಟಗಳಿಗಾಗಿ ಮಾವನ ಸ್ಟುಡಿಯೋಕ್ಕೆ ಹೋದರಂತೆ, ಕೇಳಿದಷ್ಟು ಕೊಡುತ್ತೇವೆ ಎಂದರಂತೆ. ತೆಗೆಸಿದವರು ನಮ್ಮ ಭಾವ, ಅವರು ಹೇಳದೆ ಕೊಡುವ ಕ್ರಮ ಇಲ್ಲ ಎಂದು ಮಾವ ಅವರನ್ನೂ ಬರಿಗೈಯಲ್ಲಿ ಕಳಿಸಿದರು. ಇದು ಅಪ್ಪನ ಕಿವಿಗೆ ಬಿದ್ದರೂ ಅವರು ಮೆತ್ತಗಾಗಲಿಲ್ಲ. ಕೇಸನ್ನು ಮಾತ್ರ ವಾಪಸ್ ತೆಗೆದುಕೊಂಡರು.

ಆಮೇಲಿನ ಮೂರು ವರ್ಷ ಅಮ್ಮ ಪುತ್ತೂರಿಗೆ ಹೋಗಲಿಲ್ಲ. ಅಳಲಿಲ್ಲ, ಜಗಳ ಮಾಡಲಿಲ್ಲ. ಪಂಜದಲ್ಲಿ ಯಾರಾದರೂ ಪುತ್ತೂರಿಂದ ಬಂದವರು ಸಿಕ್ಕಿದರೆ ಪೇಟೆಯಲ್ಲಿ ಎಂತ ವಿಶೇಷ ಎಂದು ಕೇಳಿ, ಅವರ ಬಾಯಲ್ಲಿ ಸ್ಟುಡಿಯೋದ ಸುದ್ದಿ ಬರುತ್ತದೋ ಎಂದು ಕಾಯುವಳು. ಬಾರದಿದ್ದರೆ ಸುಮ್ಮನೆ ನಡೆಯುವಳು. ಮಾವನಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾರೆ ಎಂಬ ಸುದ್ದಿ ಬಂದ ದಿವಸವೂ ಅಪ್ಪ ಹೋಗು ಎನ್ನಲಿಲ್ಲ, ಅವಳು ಹೋಗಲಾ ಎನ್ನಲಿಲ್ಲ. ಇಬ್ಬರದ್ದೂ ಹಟವೇ. ನನಗೆ ಇಬ್ಬರನ್ನೂ ಹಿಡಿದು ಅಲುಗಾಡಿಸಬೇಕು ಎಂದು ಕಾಣುತ್ತಿತ್ತು.

ಎರಡನೆಯ ವರ್ಷ ಅಪ್ಪ ಒಂದು ಬೆಳಿಗ್ಗೆ ಮರ ಕಡಿಯುವವರನ್ನು ಕರೆಸಿದರು. ಹಲಗೆಗೆ ಬೇಕು ಎಂದು ಹೇಳಿ ಆರೂ ಹಲಸನ್ನು ಉರುಳಿಸಿದರು. ಅಷ್ಟು ಹಲಗೆ ಎಂತಕ್ಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅದರ ಮುಂದಿನ ವರ್ಷದ ಮೊದಲ ಬೆಳೆಗೆ ಆ ಗದ್ದೆಯಲ್ಲಿ ತೆನೆ ಬಾಗಿ ಬದುವಿಗೆ ಒರಗಿತು. ಆಚೆಮನೆಯ ಮಾವಿನ ಮರಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ಹೊಸ ಅಕ್ಕಿ ಊಟದ ದಿವಸ ಬೆಳಿಗ್ಗೆ ಅಮ್ಮ ಒಲೆಗೆ ನೀರಿಟ್ಟಿದ್ದಳು. ಅಪ್ಪ ಒಳಗೆ ಬಂದು, ಇವತ್ತು ಇಲ್ಲಿ ಬೇಯಿಸುವುದು ಬೇಡ, ಅಕ್ಕಿ ಕಟ್ಟು ಎಂದರು. ಎಲ್ಲಿಗೆ ಎಂದು ಅಮ್ಮ ಕೇಳಲಿಲ್ಲ. ಅಪ್ಪ ತಾನೇ ಮೂಟೆ ಹೊತ್ತು ಬಸ್ಸಿನ ತಲೆಗೆ ಹಾಕಿಸಿ, ಮುಂದಿನ ಸೀಟಿನಲ್ಲಿ ನಮ್ಮ ಕಡೆ ಬೆನ್ನು ಹಾಕಿ ಕೂತರು. ಪುತ್ತೂರಿನಲ್ಲಿ ಇಳಿದು ಸ್ಟುಡಿಯೋದವರೆಗೆ ಬಂದವರು ಒಳಗೆ ಬರಲಿಲ್ಲ. ಬಾಗಿಲ ಹೊರಗೆ ನಿಂತು ತೂಗುಹಾಕಿದ ಪಟಗಳನ್ನು ನೋಡತೊಡಗಿದರು.

ಮಾವ ಬಡಕಲಾಗಿದ್ದರು. ಅಮ್ಮ ಅವರ ಮುಖ ನೋಡಿ, ಸೊಂಟಕ್ಕೆ ಸೆರಗು ಸಿಕ್ಕಿಸಿ ಸೀದಾ ಹಿಂದಿನ ಕೋಣೆಗೆ ಹೋದಳು. ಅನ್ನ ಬೇಯುವವರೆಗೆ ಮಾವ ಕುರ್ಚಿಯಲ್ಲಿ, ಅಪ್ಪ ರಸ್ತೆಯ ಬದಿಯಲ್ಲಿ. ನಡುವೆ ತೆರೆದ ಬಾಗಿಲು. ಮಾವ ಬನ್ನಿ ಎನ್ನಲಿಲ್ಲ, ಅಪ್ಪ ಬರುತ್ತೇನೆ ಎನ್ನಲಿಲ್ಲ. ಹೀಗೆಯೇ ವಾಪಸ್ ಬಸ್ಸು ಹತ್ತುತ್ತೇವೆ ಎಂದೇ ನಾನು ತಿಳಿದೆ.

ಅಮ್ಮ ಎಲೆ ಹಾಕಿ ಬಡಿಸಿದಳು, ಇದು ಆ ಗದ್ದೆಯದ್ದೇ ಅಕ್ಕಿ ಎಂದು ಮಾತ್ರ ಹೇಳಿದಳು. ಹೊಸ ಅಕ್ಕಿಯ ಅನ್ನಕ್ಕೆ ಕೈ ಹಾಕುವ ಮೊದಲು ಅಲ್ಲಿರುವ ಹಿರಿಯರ ಹತ್ತಿರ 'ಹೊಸತು ಉಣ್ತೇನೆ' ಎಂದು ಕೇಳಬೇಕು, ಅವರು ಉಣ್ಣು ಎನ್ನಬೇಕು, ನಮ್ಮಲ್ಲಿ ಹಾಗೆ. ಮಾವ ಎಲೆಯ ಮುಂದೆ ಕೂತರು. ಅಮ್ಮ ಹಿರಿಯಳು, ಎದುರಿಗೇ ಇದ್ದಳು. ಅವಳನ್ನು ಕೇಳಿದ್ದರೂ ನಡೆಯುತ್ತಿತ್ತು. ಮಾವ ಬಾಗಿಲ ಕಡೆ ತಿರುಗಿದರು.

"ಭಾವ, ಹೊಸತು ಉಣ್ತೇನೆ" ಎಂದರು.

ಹೊರಗೆ ಅಪ್ಪ ಪಟಗಳನ್ನು ನೋಡುತ್ತಲೇ ಇದ್ದರು. ಅಮ್ಮನ ಕೈಯ ಸೌಟಿನಿಂದ ಗಂಜಿ ತಿಳಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ. ಮಾವ ಅನ್ನ ಮುಟ್ಟದೆ ಕಾದರು.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಮಾವನ ಪಕ್ಕದಲ್ಲಿ ನೆಲಕ್ಕೆ ಕೂತು, "ಉಣ್ಣು ಮಾರಾಯ" ಎಂದರು. ಮತ್ತೆ ಅಮ್ಮನ ಮುಖ ನೋಡದೆ, "ನನಗೂ ಒಂದು ಎಲೆ ಹಾಕು" ಎಂದರು.